ಖಬರಸ್ತಾನದ ಪಕ್ಕದ ಕುಂಟೆ

ಕುಂಟೆಯನ್ನು ಮುಚ್ಚಿಸಿಕೊಡಬೇಕೆಂಬ ಅರ್ಜಿಗೆ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ಹೇಳುವುದೆಲ್ಲ ಊರಿಗೆ ಬುದ್ಧಿವಾದದಂತೆ ಕೇಳಿಸೀತು. ಸಹಿ ಮಾತ್ರವಲ್ಲ, ಅರ್ಜಿಯ ಒಕ್ಕಣೆಯೂ ನಮ್ಮದೇ. ಮೊಹಲ್ಲಾದಲ್ಲಿ ಕನ್ನಡದ ಅರ್ಜಿ ಬರೆಯಬೇಕಾದಾಗಲೆಲ್ಲ ‘ಕಥೆ ಬರೆಯೋರು ಇದ್ದಾರಲ್ಲ’ ಎಂದು ನಮ್ಮ ಮನೆಗೇ ಬರುತ್ತಾರೆ. ‘ಸದರಿ ಕುಂಟೆಯು ಸಾರ್ವಜನಿಕರಿಗೆ ಉಪದ್ರವಕಾರಿಯಾಗಿ ಪರಿಣಮಿಸಿರುವುದರಿಂದ...’ ಎಂದು ಬರೆದಾಗ ನಮ್ಮ ಕನ್ನಡದ ಬಗ್ಗೆ ನಮಗೇ ಹೆಮ್ಮೆಯಾಗಿತ್ತು.

ನಮ್ಮದು ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಒಂದು ರೆವಿನ್ಯೂ ಬಡಾವಣೆ. ಕೋಲಾರದ ಕಡೆಯ ಊರಿನಲ್ಲಿದ್ದ ಸೈಕಲ್ ಅಂಗಡಿಯನ್ನು ಮಾರಿ ಅಬ್ಬಾ 2006ರಲ್ಲಿ ಇಲ್ಲಿ ಮೂವತ್ತು-ನಲವತ್ತರ ಒಂದು ಸೈಟು ಕೊಂಡರು. ಮೂರು ವರ್ಷದ ನಂತರ ಮನೆ ಎದ್ದಿತು. ಆಗ ಸುತ್ತ ರಾಗಿ ಹೊಲಗಳಿದ್ದವು. ಬಡಾವಣೆಯ ಮೂಲೆಯಲ್ಲಿ ಹಳೆಯ ಊರಿನ ಕಾಲದಿಂದಲೂ ಇದ್ದ ಒಂದೆಕರೆ ಖಬರಸ್ತಾನ, ಅದಕ್ಕೆ ಅಂಟಿಕೊಂಡಂತೆ ಇಪ್ಪತ್ತು ಗುಂಟೆಯ ಕುಂಟೆ. 2014ರಲ್ಲಿ ಅಬ್ಬಾ ತೀರಿಕೊಂಡಾಗ ಅವರನ್ನು ದಫನ್ ಮಾಡಿದ್ದು ಕುಂಟೆಯ ಕಡೆಯ ಗೋಡೆಯ ಪಕ್ಕದಲ್ಲಿ. ನಾವು ಗೋರಿಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿ, ತಲೆಯ ಕಡೆ ಬಿಳಿ ಕಲ್ಲು ನೆಟ್ಟು, ಉರ್ದು ಮತ್ತು ಕನ್ನಡ ಎರಡರಲ್ಲೂ ಹೆಸರು ಕೆತ್ತಿಸಿದೆವು.

ಅರ್ಜಿ ಬರೆದದ್ದು 2018ರಲ್ಲಿ. ಅದರಲ್ಲಿ ನಾಲ್ಕು ಕಾರಣಗಳಿದ್ದವು. ಸೊಳ್ಳೆ, ನಾತ, ಮಕ್ಕಳು ಬಿದ್ದಾರೆಂಬ ಭಯ, ಹಾವು. ನಾಲ್ಕೂ ಸುಳ್ಳಲ್ಲ. ನಾತ ಏಕೆ ಬರುತ್ತಿದೆ ಎಂಬುದನ್ನು ಮಾತ್ರ ನಾವು ಬರೆಯಲಿಲ್ಲ. ನಮ್ಮ ಬೀದಿಯ ಚರಂಡಿಯೇ ಅದಕ್ಕೆ ಬೀಳುತ್ತಿತ್ತು. ಐದನೆಯ ಕಾರಣವೊಂದಿತ್ತು, ಅದು ಅರ್ಜಿಯಲ್ಲಿರಲಿಲ್ಲ, ಎಲ್ಲರ ಮನಸ್ಸಿನಲ್ಲಿತ್ತು. ಬಡಾವಣೆ ಬೆಳೆದಿತ್ತು, ಖಬರಸ್ತಾನ ಬೆಳೆದಿರಲಿಲ್ಲ. ಕುಂಟೆ ಮುಚ್ಚಿದರೆ ಗೋರಿಗಳಿಗೆ ಅರ್ಧ ಎಕರೆ ಸಿಗುತ್ತದೆ.

ಅರ್ಜಿಗೆ ಉತ್ತರ ಬರಲಿಲ್ಲ. ಉತ್ತರದ ಬದಲು ಲಾರಿಗಳು ಬಂದವು. ಹಳೆ ಕಟ್ಟಡ ಕೆಡಹುವ ಗುತ್ತಿಗೆದಾರರಿಗೆ ಇಟ್ಟಿಗೆ ಚೂರು, ಕಾಂಕ್ರೀಟಿನ ತುಂಡು ಸುರಿಯಲು ಜಾಗ ಬೇಕಾಗಿತ್ತು, ನಮಗೆ ಹಳ್ಳ ತುಂಬಬೇಕಾಗಿತ್ತು. ಯಾರೂ ಯಾರಿಗೂ ಕಾಸು ಕೊಡಲಿಲ್ಲ. ಎರಡು ಬೇಸಿಗೆಯಲ್ಲಿ ಅರ್ಧ ಕುಂಟೆ ದಿಬ್ಬವಾಯಿತು. ಮಣ್ಣು ಕೂತ ಮೇಲೆ ಅಲ್ಲಿ ಗೋರಿ ತೋಡಬಹುದೆಂದು ಕಾದೆವು. 2021ರಲ್ಲಿ ಕೊರೋನಾದ ಎರಡನೆಯ ಅಲೆ ಬಂದಾಗ ಒಂದೇ ತಿಂಗಳಿನಲ್ಲಿ ಗೋಡೆಯ ಪಕ್ಕ ಒಂದಿಡೀ ಸಾಲು ಹೊಸ ಗೋರಿಗಳು ಎದ್ದವು. ‘ಉಳಿದರ್ಧವನ್ನೂ ಬೇಗ ಮುಚ್ಚಿಸಬೇಕು’ ಎಂದು ಜಮಾಅತಿನಲ್ಲಿ ಮಾತಾಯಿತು. ನಾವೂ ತಲೆಯಾಡಿಸಿದೆವು.

* * *

ನಾವು ಏಳನೆಯ ತರಗತಿಯವರೆಗೆ ಕಲಿತದ್ದು ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡದಲ್ಲಿ. ಉರ್ದು ಶಾಲೆಯ ನಮ್ಮ ಪಾಲಿಗೆ ನೀರು ನಿಂತಲ್ಲೆಲ್ಲ ‘ತಾಲಾಬ್’. ಮಸೀದಿಯಲ್ಲಿ ವುಝೂ ಮಾಡುವುದು ‘ಹೌಜ್’. ಅಷ್ಟಕ್ಕೆ ಮುಗಿಯಿತು. ಕನ್ನಡ ಶಾಲೆಗೆ ಬಂದರೆ ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಗೋಕಟ್ಟೆ, ಕಲ್ಯಾಣಿ! ನೀರಿಗೆ ಇಷ್ಟು ಹೆಸರು ಯಾಕೆಂದು ಕೇಳಿದ್ದಕ್ಕೆ ಕನ್ನಡ ಮೇಷ್ಟ್ರು ತರಗತಿಯನ್ನೇ ಊರ ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋದರು. ಇದು ಏರಿ, ಇದು ತೂಬು, ಗದ್ದೆಗೆ ನೀರು ಬಿಡುವ ಬಾಯಿ. ಅಗೋ ಅಲ್ಲಿರುವುದು ಕೋಡಿ, ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ. ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ, ಅದರ ಕೋಡಿ ಬಿದ್ದರೆ ಅದರ ಕೆಳಗಿನದಕ್ಕೆ. ತೂಬು ತೆಗೆಯುವವನು, ಮುಚ್ಚುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು.

ಕುಂಟೆಗೆ ಇಂಥ ವೈಭವವಿಲ್ಲ. ಅದರ ಕೆಳಗೆ ಗದ್ದೆಯಿಲ್ಲ, ಅದಕ್ಕೆ ನೀರುಗಂಟಿಯಿಲ್ಲ. ಹೊಲದ ತಗ್ಗಿನಲ್ಲಿ ಮಳೆಯ ಮೊದಲ ನೀರು ಬಂದು ನಿಲ್ಲುವ ಗುಂಡಿ. ದನ ಕುರಿ ಕುಡಿಯುತ್ತವೆ, ಎಮ್ಮೆ ಹೊರಳಾಡುತ್ತವೆ, ಮಣ್ಣು ತಳ ಸೇರಿ ತಿಳಿನೀರು ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹಾಕುತ್ತಾರೆ. ದೊಡ್ಡ ಕೆರೆಗೆ ಮಳೆ ಒಮ್ಮೆಲೇ ನುಗ್ಗದಂತೆ ಮೇಲೆಯೇ ತಡೆದು ಸೋಸಿ ಕಳಿಸುವುದು ಇವೇ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದು ಮರೆತೆವು.

ಬೆಂಗಳೂರಿಗೆ ಬಂದ ಮೇಲಂತೂ ನೆನಪಾಗಲು ಕಾರಣವೇ ಇರಲಿಲ್ಲ. ಕೋಲಾರದ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದಾಗಲೆಲ್ಲ ನಾವು ಇಳಿಯುತ್ತಿದ್ದುದು ಧರ್ಮಾಂಬುಧಿ ಕೆರೆಯ ಅಂಗಳಕ್ಕೆ ಎಂದು ಯಾರೂ ಹೇಳಿರಲಿಲ್ಲ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಕಟ್ಟಿದ ಬಹುಮಹಡಿ ಮನೆಗಳೂ ಕೆರೆಯಂಗಳದಲ್ಲೇ ಎದ್ದವು. ಈ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ, ದೊಡ್ಡ ನದಿಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹಾಗೆ ಇಳಿಯುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಬಳಸಲೆಂದೇ ಹಿಂದಿನವರು ಕೆರೆಗಳ ಸರಪಳಿ ಕಟ್ಟಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನಿಟ್ಟು ಮಾಡಿದ ಅಧ್ಯಯನದ ಪ್ರಕಾರ 1973ರಿಂದೀಚೆಗೆ ಬೆಂಗಳೂರಿನ ಜಲಮೂಲಗಳ ವಿಸ್ತೀರ್ಣದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಲ್ಲವಾಗಿದೆ. ಮಾಯವಾದ ದೊಡ್ಡ ಕೆರೆಗಳ ಹೆಸರಾದರೂ ಬಸ್ ನಿಲ್ದಾಣದ, ಬಡಾವಣೆಯ ಕಥೆಯಲ್ಲಿ ಉಳಿದಿದೆ. ಕುಂಟೆಗಳಿಗೆ ಹೆಸರೇ ಇರಲಿಲ್ಲ.

* * *

2022ರ ಸೆಪ್ಟೆಂಬರ್ 4, ಭಾನುವಾರ. ರಾತ್ರಿ ಇಶಾ ನಮಾಜು ಮುಗಿಸಿ ಬಂದಾಗ ಮಳೆ ಜೋರಾಗಿತ್ತು. ಅದಕ್ಕೆ ಐದು ದಿನ ಹಿಂದೆಯೇ ಒಂದು ದೊಡ್ಡ ಮಳೆಯಾಗಿ ಕೆರೆಗಳೆಲ್ಲ ತುಂಬಿ ನಿಂತಿದ್ದವು. ಆ ರಾತ್ರಿಯ ಮಳೆ ಬೆಳಗಿನ ಲೆಕ್ಕಕ್ಕೆ 131 ಮಿಲಿಮೀಟರು ದಾಟಿತ್ತು.

ನೀರು ಬಾಗಿಲಿನಿಂದ ಬರಲಿಲ್ಲ. ಅಡಿಗೆಮನೆಯ ಬಚ್ಚಲಿನ ತೂತಿನಿಂದ ಬಂತು. ಮೊದಲು ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು. ಬಟ್ಟೆ ತುರುಕಿದೆವು, ಅದರ ಮೇಲೆ ಅರೆಯುವ ಕಲ್ಲು ಇಟ್ಟೆವು. ಅಷ್ಟರಲ್ಲಿ ಹಿತ್ತಿಲ ಬಾಗಿಲಿನ ಸಂದಿಯಿಂದಲೂ ಬಂತು. ಅಮ್ಮಿಯನ್ನು ಮಂಚದ ಮೇಲೆ ಕೂರಿಸಿ, ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಮೇಲಿಟ್ಟು ಪುಸ್ತಕದ ಕಪಾಟಿಗೆ ಕೈ ಹಾಕುವಷ್ಟರಲ್ಲಿ ಕೆಳಗಿನ ಎರಡು ಸಾಲು ನೀರಿನಲ್ಲಿತ್ತು. ಅಬ್ಬಾ ಸೈಕಲ್ ಅಂಗಡಿಯಲ್ಲಿ ಕೂತು ಓದಿ ಕಟ್ಟಿಸಿಟ್ಟಿದ್ದ ಉರ್ದು ಮಾಸಪತ್ರಿಕೆಗಳ ಸಂಪುಟಗಳು ಅಲ್ಲಿದ್ದವು. ಮಧ್ಯರಾತ್ರಿ ದಾಟಿದ ಮೇಲೆ ಎದುರು ಮನೆಯ ಲಿಂಗಾಯತರು ಮಹಡಿಯಿಂದ ಟಾರ್ಚು ಬಿಟ್ಟು ಕೂಗಿದರು. ಅಮ್ಮಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಸೊಂಟದ ನೀರಿನಲ್ಲಿ ಬೀದಿ ದಾಟಿದೆವು. ಮೂರು ದಿನ ಅವರ ಮನೆಯಲ್ಲೇ ಇದ್ದೆವು. ‘ನಿಮ್ಮ ಅಮ್ಮನಿಗೆ ರೊಟ್ಟಿ ಮೆತ್ತಗೆ ಮಾಡಲಾ?’ ಎಂದು ಆ ತಾಯಿ ಪ್ರತಿ ಹೊತ್ತೂ ಕೇಳುತ್ತಿದ್ದರು.

ಟೀವಿಯಲ್ಲಿ ಹೊರವರ್ತುಲ ರಸ್ತೆ ಕಾಣುತ್ತಿತ್ತು. ಕೋಟ್ಯಂತರ ಬೆಲೆಯ ವಿಲ್ಲಾಗಳ ಮುಂದೆ ದೋಣಿಗಳು, ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳು. ನಮ್ಮಂಥ ಬೀದಿಗಳು ಅದರಲ್ಲಿ ಬರಲಿಲ್ಲ. ನೀರು ಮಾತ್ರ ಭೇದ ಮಾಡಿರಲಿಲ್ಲ.

ಮೂರನೆಯ ದಿನ ಖಬರಸ್ತಾನಕ್ಕೆ ಹೋದೆವು. ಕೊರೋನಾ ಕಾಲದ ಆ ಸಾಲು ಪೂರಾ ಕುಸಿದಿತ್ತು. ಅಬ್ಬಾರ ಗೋರಿಯ ಸಿಮೆಂಟು ಕಟ್ಟೆ ಒಂದು ಕಡೆಗೆ ವಾಲಿ, ಅದರ ಕೆಳಗೆ ಕೈ ತೂರಿಸಬಹುದಾದಷ್ಟು ಬಿರುಕು. ನಮಗಿಂತ ಮೊದಲೇ ಬಂದಿದ್ದ ಹುಡುಗನೊಬ್ಬ ತನ್ನ ತಾಯಿಯ ಗೋರಿಗೆ ಬೊಗಸೆಯಲ್ಲಿ ಮಣ್ಣು ತುಂಬುತ್ತಿದ್ದ, ಸಲಿಕೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ಗೋಡೆಯಾಚೆ ನಮ್ಮ ದಿಬ್ಬ ಗಟ್ಟಿಯಾಗಿ ನಿಂತಿತ್ತು. ಮೇಲಿನ ಬೀದಿಗಳ ನೀರು ಎಂದಿನಂತೆ ಕುಂಟೆಯನ್ನು ಹುಡುಕಿಕೊಂಡು ಬಂದಿದೆ, ಅರ್ಧ ಕುಂಟೆ ಬೇಗ ತುಂಬಿದೆ, ದಿಬ್ಬಕ್ಕೆ ಬಡಿದು ತಿರುಗಿ ತಗ್ಗಿದ್ದ ಖಬರಸ್ತಾನಕ್ಕೂ ನಮ್ಮ ಬೀದಿಗೂ ನುಗ್ಗಿದೆ. ಇದನ್ನು ತಿಳಿಯಲು ಎಂಜಿನಿಯರು ಬೇಕಾಗಿರಲಿಲ್ಲ, ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿದರೆ ಸಾಕಾಗಿತ್ತು. ಗೋರಿಗೆ ಜಾಗ ಮಾಡಲು ಹೋಗಿ ಇದ್ದ ಗೋರಿಗಳನ್ನು ಮುಳುಗಿಸಿದ್ದೆವು.

ಹಳೆಯ ಊರಿನ ಕುರಿ ಕಾಯುವ ಅಜ್ಜ ಬೇಲಿಯ ಹತ್ತಿರ ನಿಂತಿದ್ದ. ‘ಈ ಕುಂಟೆ ಕೋಡಿ ಎಲ್ಲಿತ್ತು ಗೊತ್ತಾ ಸಾಬ್ರೆ?’ ಎಂದು ಕೇಳಿದ. ಗೊತ್ತಿಲ್ಲ ಎಂದೆವು. ‘ನಿಮ್ ಅಡಿಗೆ ಮನೆ ಐತಲ್ಲ, ಅಲ್ಲೇ.’

ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ವಿಳಾಸ ಹೇಳಿದ ಹಾಗೆ ಹೇಳಿದ.

* * *

ಆಮೇಲೆ ಹಳೆಯ ಗ್ರಾಮ ನಕ್ಷೆ ತೆಗೆಸಿ ನೋಡಿದೆವು. ಅಜ್ಜ ಹೇಳಿದ್ದು ನಿಜ. ಕುಂಟೆಯಿಂದ ಹೊರಟ ತೆಳುವಾದ ಗೆರೆಯೊಂದು ನಮ್ಮ ಸೈಟಿನ ಮೇಲೆ ಹಾದು ಕೆಳಗಿನ ಕೆರೆಗೆ ಸೇರುತ್ತಿತ್ತು. ಲೇಔಟ್ ಮಾಡಿದವರು ಆ ಗೆರೆಯನ್ನು ಅಳಿಸಿ ಸೈಟು ಮಾರಿದ್ದರು. ಕೊಂಡ ನಾವು ಕೇಳಿರಲಿಲ್ಲ. ಇನ್ನೊಂದು ವಿಷಯವೂ ತಿಳಿಯಿತು. ಕುಂಟೆ ‘ಬಿ ಖರಾಬು’. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಭೂಮಿಗೆ ಕಂದಾಯದ ಭಾಷೆಯಲ್ಲಿ ಆ ಹೆಸರು. ಅಂದರೆ ನಾವು ಮುಚ್ಚುತ್ತಿದ್ದುದು ಖಬರಸ್ತಾನದ ಜಾಗವೂ ಆಗಿರಲಿಲ್ಲ, ಎಲ್ಲರದೂ ಆಗಿತ್ತು. ಖರಾಬು ಎಂದರೆ ನಮ್ಮ ಉರ್ದುವಿನಲ್ಲಿ ಕೆಟ್ಟದ್ದು, ಹಾಳು. ಬೇಸಾಯಕ್ಕೆ ಬಾರದ್ದು ಎಂಬರ್ಥದಲ್ಲಿ ಯಾವ ಕಾಲದಲ್ಲೋ ದಫ್ತರಕ್ಕೆ ಸೇರಿದ ಆ ಪದ, ‘ಹಾಳು ಜಾಗ ತಾನೆ’ ಎನ್ನಲು ನಮಗೆಲ್ಲ ಅನುಕೂಲವಾಗಿತ್ತು.

ದೊಡ್ಡ ಕೆರೆಗಳಿಗಾದರೆ ನ್ಯಾಯಾಲಯದಲ್ಲಿ ವಾದ ಮಾಡುವವರಿದ್ದಾರೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಯ ಸುತ್ತ 75 ಮೀಟರ್ ಕಟ್ಟಡ ಕಟ್ಟಬಾರದೆಂದಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅಲ್ಲಿ ಮೀಟರುಗಳ ಲೆಕ್ಕ ನಡೆಯುತ್ತಿದ್ದಾಗ ಇಲ್ಲಿ ಕುಂಟೆಯೇ ಮಣ್ಣಿನಡಿ ಹೋಗುತ್ತಿತ್ತು.

ಬೇರೆಯವರು ಏನು ಮಾಡಿದ್ದಾರೆ ನೋಡೋಣವೆಂದು ಮುತವಲ್ಲಿ ಸಾಹೇಬರು, ಎದುರು ಮನೆಯವರು, ಜಮಾಅತಿನ ಇಬ್ಬರು ಹುಡುಗರು, ನಾವು, ಒಂದು ವ್ಯಾನು ಮಾಡಿಕೊಂಡು ಮೂರು ಭಾನುವಾರ ಸುತ್ತಿದೆವು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದು ಕಾಲಕ್ಕೆ ಕಸ ಸುರಿಯುವ ಜಾಗವಾಗಿತ್ತು. ಅಕ್ಕಪಕ್ಕದ ಜನ ಪಾಲಿಕೆಯ ಜೊತೆ ನಿಂತು 2011ರ ಹೊತ್ತಿಗೆ ಅದನ್ನು ಮತ್ತೆ ಕೆರೆಯನ್ನಾಗಿ ಮಾಡಿದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆ ಚಿಲ್ಲರೆ. ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು ಟ್ರಸ್ಟು ಕಟ್ಟಿಕೊಂಡು ಅದನ್ನು ನೋಡಿಕೊಂಡು ಬಂದಿದ್ದಾರೆ. ಅಲ್ಲಿನ ಕಷ್ಟ ನಮ್ಮದಕ್ಕೆ ತದ್ವಿರುದ್ಧ. ಸುತ್ತ ಕಟ್ಟಡಗಳೆದ್ದು ನೀರು ಬರುವ ದಾರಿಗಳು ಮುಚ್ಚಿ ಕೆರೆಗೆ ನೀರೇ ಸಾಲದೆ, ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನು ತರಬೇಕಾಯಿತು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು, ಆಪು ಬೆಳೆದ ಜೌಗಿನ ಮೂಲಕ ನಿಧಾನ ಹಾದು ಬರುತ್ತದೆ. ಉಳಿದ ಕೊಳೆಯನ್ನು ಗಿಡದ ಬೇರು ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ‘ನಾವು ಈ ಜೊಂಡನ್ನೇ ಗಲೀಜು ಅಂತಿದ್ವಲ್ಲ’ ಎಂದರು ಮುತವಲ್ಲಿ ಸಾಹೇಬರು.

ಚೆಂದಕ್ಕೆಂದು ಮಾಡಿ ಕೆಡಿಸಿದ ಕೆರೆಗಳನ್ನೂ ನೋಡಿದೆವು. ಬಟ್ಟಲಿನಂತೆ ಸುತ್ತ ಕಡಿದಾಗಿ ತೋಡಿ, ಅಂಚಿಗೆ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ದಾರಿ. ನಡೆಯುವವರಿಗೆ ಸುಖ. ಆದರೆ ಏರಿಸಿದ ಆ ದಾರಿಯೇ ಅಡ್ಡಕಟ್ಟೆಯಾಗಿ ಸುತ್ತಲಿನ ಮಳೆನೀರು ಒಳಗೆ ಇಳಿಯುವುದಿಲ್ಲ. ಕೊಕ್ಕರೆ, ಬಕಗಳಿಗೆ ಕಾಲೂರಲು ಗೇಣುದ್ದದ ನೀರು ಬೇಕು. ಕಪ್ಪೆ ಮೊಟ್ಟೆಯಿಡುವುದೂ ಅಂಥ ತೆಳುನೀರಿನಲ್ಲಿ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೆ ಬೆಳೆದು, ಒಂದು ದಿನ ಜೊಂಡಿನ ಕಡ್ಡಿ ಹತ್ತಿ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ಕಲ್ಲಿನ ಗೋಡೆ ಇವಕ್ಕೆ ಯಾವ ಉಪಯೋಗಕ್ಕೂ ಬಾರದು. ಸೊಳ್ಳೆಯ ಮರಿಗಳನ್ನು ತಿನ್ನುವುದು ಈ ಚಿಟ್ಟೆಯ ಮರಿಗಳು ಮತ್ತು ಮೀನು. ಜೀವವಿರುವ ಕುಂಟೆಯಲ್ಲಿ ಸೊಳ್ಳೆಗೆ ಶತ್ರುಗಳಿರುತ್ತಾರೆ. ಚರಂಡಿ ಬಿದ್ದು ಉಸಿರುಗಟ್ಟಿದ ಕುಂಟೆಯಲ್ಲಿ, ಇಟ್ಟಿಗೆ ಚೂರುಗಳ ನಡುವಿನ ಹೊಂಡದಲ್ಲಿ ಅವಕ್ಕೆ ಯಾರ ಭಯವೂ ಇಲ್ಲ. ನಾವು ಸೊಳ್ಳೆಗೆ ಹೆದರಿ ಸೊಳ್ಳೆಯ ಶತ್ರುಗಳನ್ನು ಕೊಂದಿದ್ದೆವು.

ಕುಂಟೆ ಎಷ್ಟು ನೀರು ತಡೆದೀತೆಂದು ಲೆಕ್ಕ ಹಾಕಿದವರು ಹುಡುಗರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರು. ಒಂದೆಕರೆಗೆ ನೂರು ಮಿಲಿಮೀಟರ್ ಬಿದ್ದರೆ ನಾಲ್ಕು ಲಕ್ಷ ಲೀಟರು. ಹೊಲವಾಗಿದ್ದಾಗ ಅದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಈಗ ತಾರಸಿ, ಟಾರು, ಸಿಮೆಂಟು, ಹೆಚ್ಚುಕಡಿಮೆ ಎಲ್ಲವೂ ಹರಿಯುತ್ತದೆ. ಇಪ್ಪತ್ತು ಗುಂಟೆಯ ಕುಂಟೆ ಸರಾಸರಿ ಐದಡಿ ಆಳವಿದ್ದರೆ ಮೂವತ್ತು ಲಕ್ಷ ಲೀಟರು ಹಿಡಿಯುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಐನೂರು ಟ್ಯಾಂಕರು. ಅಂದರೆ ಏಳೂವರೆ ಎಕರೆ ಬಡಾವಣೆಯ ಮೇಲೆ ಬಿದ್ದ ಭಾರೀ ಮಳೆ.

ಆದರೆ ಖಾಲಿಯಿದ್ದರೆ ಮಾತ್ರ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲುತ್ತದೆ, 2022ರಲ್ಲಿ ತುಂಬಿ ನಿಂತಿದ್ದ ಕೆರೆಗಳಿಗೆ ಆದದ್ದೂ ಅದೇ. ಹಾಗೆಂದು ಪೂರಾ ಖಾಲಿ ಮಾಡಿದರೆ ಹಕ್ಕಿ, ಮೀನುಗಳ ಗತಿಯೇನು? ಉತ್ತರ ನಮ್ಮ ಕನ್ನಡ ಮೇಷ್ಟ್ರ ಪಾಠದಲ್ಲಿತ್ತು. ತೂಬು. ಕೋಡಿಗಿಂತ ಮೂರಡಿ ಕೆಳಗೆ ಒಂದು ತೂಬಿಟ್ಟು, ಮಳೆಗಾಲದಲ್ಲಿ ಅದನ್ನು ಸಣ್ಣಗೆ ತೆರೆದಿಟ್ಟರೆ ಕೆಳಗಿನ ನೀರು ಜೀವಿಗಳಿಗೆ, ಮೇಲಿನ ಮೂರಡಿ ಮುಂದಿನ ಮಳೆಗೆ. ಆಗ ಲೆಕ್ಕ ಮೂವತ್ತರಿಂದ ಹದಿನೆಂಟು ಲಕ್ಷಕ್ಕೆ ಇಳಿಯುತ್ತದೆ. ಅಷ್ಟಾದರೂ ಸರಿ.

* * *

2023ರ ಜನವರಿಯಲ್ಲಿ ಜುಮ್ಮಾ ನಮಾಜಿನ ನಂತರ ಜಮಾಅತ್ ಸೇರಿತು. ಕಾವೇರಿದ ಸಭೆ. ‘ರಾಜಕಾಲುವೆ ಮೇಲೆ ಗೋಪುರದಂಥ ಕಟ್ಟಡ ಕಟ್ಟಿದೋರನ್ನ ಯಾರೂ ಕೇಳಲ್ಲ. ಬಡವರು ಹೆಣ ಹೂಳೋಕೆ ಅರ್ಧ ಎಕರೆ ಮಾಡ್ಕೊಂಡ್ರೆ ನಮಗೇ ಉಪದೇಶಾನಾ?’ ಎಂದರು ಒಬ್ಬರು. ಆ ಪ್ರಶ್ನೆಯನ್ನು ತಳ್ಳಿಹಾಕಲು ನಮ್ಮಿಂದ ಆಗಲಿಲ್ಲ. ಕೇಳಬೇಕಾದ ಪ್ರಶ್ನೆಯೇ. ಹಣ್ಣಿನ ಗಾಡಿಯ ಚಾಚಾ ಎದ್ದು, ‘ನಮ್ಮನೇಲಿ ಮಯ್ಯತ್ ಆದರೆ ಎಲ್ಲಿಗೆ ಹೊತ್ಕೊಂಡು ಹೋಗ್ಲಿ ಅದನ್ನ ಹೇಳಿ, ಆಮೇಲೆ ಹಕ್ಕಿ ವಿಷಯ’ ಎಂದರು. ಅದಕ್ಕೆ ಉತ್ತರ ಕೊಡದೆ ಕುಂಟೆಯ ಮಾತಾಡುವ ಹಕ್ಕು ಯಾರಿಗೂ ಇರಲಿಲ್ಲ.

ಇಮಾಮ್ ಸಾಹೇಬರು ಆವರೆಗೆ ಸುಮ್ಮನಿದ್ದರು. ‘ಜಾಗ ಇದೆ. ಕಲ್ಲು ಕಟ್ಟಿಸಿ ನಾವೇ ಇಲ್ಲ ಅಂತ ಮಾಡಿದ್ದೀವಿ’ ಎಂದರು. ಕಚ್ಚಾ ಗೋರಿಯಾದರೆ ವರ್ಷಗಳ ಮೇಲೆ ಮಣ್ಣು ಮಣ್ಣಿನ ಜೊತೆ ಸೇರುತ್ತದೆ, ಆ ಜಾಗದಲ್ಲಿ ಮತ್ತೊಬ್ಬರಿಗೆ ಗೋರಿ ತೋಡಬಹುದು. ನಗರದ ಖಬರಸ್ತಾನಗಳಲ್ಲಿ ಇದು ಹೊಸದಲ್ಲ. ಸಿಮೆಂಟು ಕಟ್ಟೆ, ಕಲ್ಲಿನ ಚೌಕಟ್ಟು ಹಾಕಿದರೆ ಆ ಜಾಗ ಒಬ್ಬರಿಗೇ ಶಾಶ್ವತ. ಹುಡುಗರು ಎಣಿಸಿ ತಂದಿದ್ದರು. ಒಂದೆಕರೆಯಲ್ಲಿ ಕಾಲು ಭಾಗದಷ್ಟು ಪಕ್ಕಾ ಗೋರಿಗಳೇ ಇದ್ದವು. ಅವು ಸೈಟು, ಅಂಗಡಿ ಇದ್ದವರ ಮನೆಯವು. ಹಣ್ಣಿನ ಗಾಡಿಯವರದು ಒಂದೂ ಇರಲಿಲ್ಲ.

ತೀರ್ಮಾನ ಮೂರು. ಇನ್ನು ಮುಂದೆ ಪಕ್ಕಾ ಗೋರಿಯಿಲ್ಲ. ಇರುವ ಕಟ್ಟೆಗಳನ್ನು ಆಯಾ ಮನೆಯವರು ಒಪ್ಪಿದರೆ ತೆಗೆಯುವುದು. ಕುಂಟೆಯ ಮಣ್ಣು ಎತ್ತಿಸುವುದು. ಎರಡನೆಯದಕ್ಕೆ ಮೊದಲು ಒಪ್ಪುವವರು ಯಾರು ಎಂದು ಮುತವಲ್ಲಿ ಸಾಹೇಬರು ಕೇಳಿದಾಗ ಸಭೆ ಮೌನವಾಯಿತು. ಅರ್ಜಿ ಬರೆದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ನಾವು ತಲೆ ತಗ್ಗಿಸಿ ಕೂತಿದ್ದೆವು.

ರಾತ್ರಿ ಅಮ್ಮಿಗೆ ಹೇಳಲು ಮಾತು ಸಿಗಲಿಲ್ಲ. ಸುತ್ತಿ ಬಳಸಿ ಹೇಳಿದೆವು. ಅಮ್ಮಿ ತಸ್ಬೀಹ್ ಎಣಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಗೋಡೆ ನೋಡಿದರು. ‘ಆ ಕಲ್ಲನ್ನ ನಾವು ನಮಗೋಸ್ಕರ ಹಾಕ್ಕೊಂಡಿದ್ದು. ಅವರು ಕೇಳಿರಲಿಲ್ಲ’ ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ‘ಜಾಗ ಗುರುತಿಟ್ಕೊಳ್ಳಿ. ಗೋಡೆಯಿಂದ ಎಷ್ಟು ಹೆಜ್ಜೆ ಅಂತ’ ಎಂದರು.

ಹನ್ನೊಂದು ಹೆಜ್ಜೆ. ಕಲ್ಲನ್ನು ಮನೆಗೆ ತಂದು ಹಿತ್ತಿಲ ಗೋಡೆಗೆ ಒರಗಿಸಿದೆವು. ನಮ್ಮ ನಂತರ ಒಬ್ಬೊಬ್ಬರಾಗಿ ಹತ್ತೊಂಬತ್ತು ಮನೆಯವರು ಬಂದರು. ಎಲ್ಲರೂ ಬರಲಿಲ್ಲ, ಬರಬೇಕೆಂದು ಯಾರೂ ಒತ್ತಾಯಿಸಲಿಲ್ಲ.

ಮಣ್ಣು ಸುರಿಯಲು ಕಾಸು ಬೇಕಾಗಿರಲಿಲ್ಲ, ಎತ್ತಲು ಬೇಕಾಯಿತು. ರಂಜಾನಿನಲ್ಲಿ ಚಂದಾ ಎತ್ತಿದೆವು, ಎದುರು ಬೀದಿಯ ಗಣೇಶೋತ್ಸವ ಸಮಿತಿಯವರು ಜೆಸಿಬಿಯ ಎರಡು ದಿನದ ಬಾಡಿಗೆ ಕೊಟ್ಟರು. ಚರಂಡಿಯನ್ನು ಬೇರೆ ದಾರಿಗೆ ತಿರುಗಿಸಲು ಕಚೇರಿಯಿಂದ ಕಚೇರಿಗೆ ಅಲೆದೆವು, ಒಂದು ಬೀದಿಯದು ಇಂದಿಗೂ ಉಳಿದಿದೆ. ಮಸೀದಿಯ ವುಝೂ ನೀರಿಗೆ ಸಾಬೂನಿಲ್ಲ, ಅದನ್ನು ಜಲ್ಲಿ ಮರಳಿನ ಗುಂಡಿಯಲ್ಲಿ ಸೋಸಿ ಕುಂಟೆಗೆ ಬಿಟ್ಟೆವು. ಹರಿಯುವ ಹೊಳೆಯ ದಂಡೆಯಲ್ಲೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಎಳವೆಯಿಂದ ಕೇಳುತ್ತ ಬಂದಿದ್ದೆವು, ಬಳಸಿದ ನೀರು ಎಲ್ಲಿ ಹೋಗುತ್ತದೆಂದು ನೋಡಿರಲಿಲ್ಲ.

ಆ ವರ್ಷ ಮಳೆಯೇ ಕೈಕೊಟ್ಟಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಕುಡಿಯುವ ನೀರಿಗೆ ಪರದಾಡುತ್ತಿದ್ದಾಗ ಕುಂಟೆಯ ತಳ ಬಿರಿದು ಹುಡುಗರು ಅಲ್ಲಿ ಕ್ರಿಕೆಟ್ ಆಡಿದರು. ‘ಚೆನ್ನಾಗಿ ಗುಂಡಿ ತೋಡಿಸಿದ್ರಿ’ ಎಂದು ನಕ್ಕವರೂ ಇದ್ದರು. ಅಕ್ಟೋಬರಿನಲ್ಲಿ ಮಳೆ ಹೊಡೆಯಿತು. ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದ ಆ ವಾರದಲ್ಲೇ ನಮ್ಮ ಕುಂಟೆ ಮೊದಲ ಬಾರಿ ತುಂಬಿತು. 2025ರ ಮೇ ತಿಂಗಳಲ್ಲಿ ನಗರದ ತಗ್ಗುಗಳು ಮತ್ತೆ ಮುಳುಗಿದಾಗ ನಮ್ಮ ಬೀದಿಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು, ಹೊಸ್ತಿಲು ದಾಟಲಿಲ್ಲ. ಖಬರಸ್ತಾನದಲ್ಲಿ ಯಾವ ಗೋರಿಯೂ ಕುಸಿಯಲಿಲ್ಲ. ಇದೆಲ್ಲ ಕುಂಟೆಯಿಂದಲೇ ಆಯಿತೆಂದು ಎದೆ ತಟ್ಟಿಕೊಂಡರೆ ಸುಳ್ಳಾದೀತು. ಅರ್ಧ ಎಕರೆಯ ಗುಂಡಿ ಒಂದು ನಗರವನ್ನು ಉಳಿಸಲಾರದು. ಬಡಾವಣೆಗ ಒಂದೊಂದು ಉಳಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬಹುದು, ಅಷ್ಟೇ.

ಈಗ ಫಜ್ರ್ ನಮಾಜಿನಿಂದ ಬರುವಾಗ ಗೋಡೆಯ ಹತ್ತಿರ ನಿಂತು ನೋಡುವುದು ಅಭ್ಯಾಸವಾಗಿದೆ. ಬೆಳ್ಳಕ್ಕಿ, ಕೊಳಬಕ ಮೊದಲೇ ಬಂದವು. ಆಮೇಲೆ ನೀರುಕಾಗೆ, ಮಿಂಚುಳ್ಳಿ, ಮುಳುಗಿದ ಕಡೆ ಏಳದೆ ಇನ್ನೆಲ್ಲೋ ಏಳುವ ಗುಳುಮುಳುಕ. ಕಳೆದ ಮಳೆಗಾಲದಲ್ಲಿ ಜೊಂಡಿನ ನಡುವೆ ನೇರಳೆ ಜಂಬುಕೋಳಿಯೊಂದು ಕಪ್ಪು ಮರಿಗಳನ್ನು ಹಿಂದೆ ಹಾಕಿಕೊಂಡು ಓಡಾಡಿತು. ಮಳೆಯ ರಾತ್ರಿ ಕಪ್ಪೆಗಳ ಗಲಾಟೆಗೆ ಅಮ್ಮಿಗೆ ನಿದ್ದೆ ಬರುವುದಿಲ್ಲ, ಆದರೂ ಕಿಟಕಿ ಮುಚ್ಚಲು ಬಿಡುವುದಿಲ್ಲ. ಹಾವೂ ಇದೆ, ನೀರುಹಾವು. ಮಕ್ಕಳಿಗಾಗಿ ಬೇಲಿ ಹಾಕಿಸಿದ್ದೇವೆ. ಹಳೆಯ ಅರ್ಜಿಯ ನಾಲ್ಕು ಕಾರಣಗಳಲ್ಲಿ ಎರಡು ಕಡಿಮೆಯಾಗಿವೆ, ಎರಡು ಹಾಗೆಯೇ ಇವೆ.

ಉಳಿದಿರುವುದು ಕೋಡಿಯ ವಿಷಯ. ತುಂಬಿದ ಕುಂಟೆಗೆ ದಾರಿ ಬೇಕು, ಅದರ ದಾರಿ ನಮ್ಮ ಅಡಿಗೆಮನೆ. ಮನೆ ಕೆಡಹುವ ಧೈರ್ಯವಾಗಲಿ ದುಡ್ಡಾಗಲಿ ನಮ್ಮಲ್ಲಿಲ್ಲ. ಪಕ್ಕದ ಕಾಂಪೌಂಡು ಒಡೆದು ಮೂರಡಿ ಬಿಟ್ಟು ಕಲ್ಲಿನ ಕಾಲುವೆ ಕಟ್ಟಿಸಿದ್ದೇವೆ. ಅದರ ತಳಕ್ಕೆ ಚಪ್ಪಡಿಗಳು ಸಾಲದೆ ಹೋದಾಗ ಹಿತ್ತಿಲಲ್ಲಿ ಒರಗಿಸಿಟ್ಟಿದ್ದ ಕಲ್ಲಿನ ಮೇಲೆ ಮೇಸ್ತ್ರಿಯ ಕಣ್ಣು ಬಿತ್ತು. ‘ಅದು ಬೇಡ’ ಎಂದೆವು. ಅಮ್ಮಿ ಒಳಗಿನಿಂದ, ‘ಹೆಸರಿರೋ ಮಗ್ಗುಲು ಒಳಗೆ ಮಾಡಿ, ಏರಿಯ ಗೋಡೆಗೆ ನಿಲ್ಲಿಸಿ, ತುಳಿಯೋ ಕಡೆ ಬೇಡ’ ಎಂದರು. ಹಾಗೆಯೇ ಮಾಡಿದೆವು. ಕುಂಟೆ ತುಂಬಿದ ದಿನ ನೀರು ಅದನ್ನು ಸವರಿಕೊಂಡು ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ ಹಾದು ಕೆಳಗಿನ ಕೆರೆಗೆ ಹೋಗುತ್ತದೆ. ಕುರಿ ಕಾಯುವ ಅಜ್ಜ ಒಂದು ದಿನ ಬಂದು ನೋಡಿ, ‘ಇನ್ನೂ ಮೂರಡಿ ಬಿಡಬೇಕಿತ್ತು ಸಾಬ್ರೆ’ ಎಂದು ಹೇಳಿ ಹೋದ.